ಹಿಮದ ನಾಡಿನ ಹಳೆಯ ಮನೆಗಳು ಮತ್ತು ಕಾಂಕ್ರೀಟು

ಮುಂಬಯಿಯಂತಹ ನಗರದಲ್ಲಿ ಕಟ್ಟಡ ಕಟ್ಟುವ ಇಂಜಿನಿಯರನಿಗೆ ಗಾಳಿಯೆಂಬುದು ಶತ್ರು. ಕಾಂಕ್ರೀಟನ್ನು ಸುರಿದ ಕೂಡಲೇ ವೈಬ್ರೇಟರ್ ಹಿಡಿದು ಒಳಗೆ ಸಿಕ್ಕಿಕೊಂಡ ಗಾಳಿಯನ್ನೆಲ್ಲ ಹೊರಗಟ್ಟಬೇಕು. ಇಲ್ಲದಿದ್ದರೆ ಅಚ್ಚು ಬಿಚ್ಚಿದಾಗ ಜೇನುಗೂಡಿನಂತೆ ತೂತುಗಳು ಕಾಣುತ್ತವೆ, ಮೇಲಧಿಕಾರಿಗಳಿಂದ ಬೈಗುಳವೂ ದೊರೆಯುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಇದೇ ಪಾಠವನ್ನು ಕಿರಿಯರಿಗೆ ಹೇಳುತ್ತ ಬಂದ ನನಗೆ, ಕಾಂಕ್ರೀಟಿಗೆ ಬೇಕೆಂದೇ ಗಾಳಿಯನ್ನು ಬೆರೆಸುವ ನಾಡೊಂದಿದೆ ಎಂಬುದು ಪುಸ್ತಕದ ಮೂಲೆಯಲ್ಲಿ ಓದಿ ಮರೆತ ಸಂಗತಿಯಾಗಿತ್ತು. ಅದನ್ನು ಮತ್ತೆ ಕಲಿಯಬೇಕಾಗಿ ಬಂದದ್ದು ನಿವೃತ್ತಿಯ ನಂತರ, ಶಿಕಾಗೋ ನಗರದ ಪಶ್ಚಿಮದ ಉಪನಗರವೊಂದರಲ್ಲಿರುವ ಮಗಳ ಮನೆಯ ಮೆಟ್ಟಿಲುಗಳ ಮೇಲೆ ನಿಂತಾಗ.

ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮಕ್ಕಳು ಇಂದು ಅಮೆರಿಕ, ಕೆನಡಾ ದೇಶಗಳಲ್ಲಿ ನೆಲೆಸಿದ್ದಾರೆ. ಹೊಸ ಬಡಾವಣೆಯ ಮನೆಗಳ ಬೆಲೆ ಕೈಗೆಟುಕದಿದ್ದಾಗಲೋ, ಒಳ್ಳೆಯ ಶಾಲೆ ಸಮೀಪವಿರಲೆಂದೋ, ಎಂಬತ್ತು ನೂರು ವರ್ಷಗಳ ಹಳೆಯ ಮನೆಗಳನ್ನು ಕೊಳ್ಳುವವರು ಅವರಲ್ಲಿ ಕಡಿಮೆಯೇನಲ್ಲ. ನಾವು ಹಿರಿಯರು ಆರು ತಿಂಗಳ ಮಟ್ಟಿಗೆ ಹೋಗಿ ಇದ್ದು ಬರುತ್ತೇವೆ. ‘ಇಷ್ಟು ಮುಂದುವರಿದ ದೇಶದಲ್ಲಿ ಮನೆಯ ಮುಂದಿನ ಸಿಮೆಂಟು ಹೀಗೇಕೆ ಎದ್ದು ಹೋಗುತ್ತದೆ?’ ಎಂಬ ಪ್ರಶ್ನೆಯನ್ನು ನಮ್ಮ ಸ್ನೇಹಿತರು ಹಲವರು ಕೇಳಿದ್ದುಂಟು. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆದಿದ್ದೇನೆ.

ಶಿಕಾಗೋ ನಗರದ ಹಳೆಯ ಮನೆಯೆಂದರೆ ಮೊದಲು ನೆನಪಾಗುವುದು ಅಲ್ಲಿನ ಬಂಗಲೆ. ನಮ್ಮ ಭಾಷೆಗಳಿಂದಲೇ ಇಂಗ್ಲಿಷಿಗೆ ಹೋದ ಈ ಪದವನ್ನು ಅಲ್ಲಿ ಕೇಳಿದಾಗ ಸಂತೋಷವಾಗುತ್ತದೆ; ಆದರೆ ವಸ್ತು ಬೇರೆ. 1910ರಿಂದ 1940ರವರೆಗೆ ದುಡಿಯುವ ಕುಟುಂಬಗಳಿಗಾಗಿ ಕಟ್ಟಿದ, ಇಟ್ಟಿಗೆಯ, ಒಂದೂವರೆ ಅಂತಸ್ತಿನ, ಕಿರಿದಾದ ನಿವೇಶನದಲ್ಲಿ ಉದ್ದಕ್ಕೆ ಹಿಂದೆ ಸಾಗುವ ಮನೆ ಅದು. ಇಂತಹ ಮನೆಗಳು ಆ ನಗರದಲ್ಲಿ ಸುಮಾರು 80 ಸಾವಿರ ಇವೆ. ಕೆಳಗೆ ಪೂರ್ಣ ನೆಲಮಾಳಿಗೆ, ಅದರ ಸುತ್ತ ಕಾಂಕ್ರೀಟಿನ ಗೋಡೆ, ಮುಂದೆ ಐದಾರು ಮೆಟ್ಟಿಲು, ಬೀದಿಯವರೆಗೆ ಕಾಂಕ್ರೀಟಿನ ಕಾಲುದಾರಿ. ಇವುಗಳಿಗಿಂತಲೂ ಹಿಂದಿನ, 1871ರ ಮಹಾ ಅಗ್ನಿದುರಂತದ ಅನಂತರದ ದಶಕಗಳ ಮನೆಗಳಲ್ಲಿ ತಳಪಾಯವು ಸುಣ್ಣಕಲ್ಲು ಇಲ್ಲವೆ ಇಟ್ಟಿಗೆಯದು, ಬೆಸುಗೆ ಸುಣ್ಣದ ಗಾರೆಯದು. ಈ ಎರಡು ಬಗೆಯ ಮನೆಗಳಿಗೂ ಒಂದೇ ಔಷಧ ನಡೆಯುವುದಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮಗಳ ಮನೆ 1920ರ ದಶಕದ್ದು. ಹಳೆಯ ಮೆಟ್ಟಿಲುಗಳು ವಾಲಿದ್ದವು. 2021ರ ಅಕ್ಟೋಬರ್ ಕೊನೆಯಲ್ಲಿ ಅವುಗಳನ್ನೂ ಕಾಲುದಾರಿಯನ್ನೂ ಒಡೆಸಿ ಹೊಸದಾಗಿ ಕಾಂಕ್ರೀಟು ಹಾಕಿಸಿದ್ದರು. ಚಳಿಗಾಲ ಸಮೀಪಿಸಿದ್ದರಿಂದ ಗುತ್ತಿಗೆದಾರ ಅವಸರದಲ್ಲಿದ್ದನಂತೆ. ಮೇಲ್ಮೈಯನ್ನು ಉಕ್ಕಿನ ಕರಣೆಯಿಂದ ಕನ್ನಡಿಯಂತೆ ನಯಗೊಳಿಸಿ ಕೊಟ್ಟದ್ದನ್ನು ಕಂಡು ಎಲ್ಲರಿಗೂ ಮೆಚ್ಚುಗೆಯಾಗಿತ್ತು. ನಾನೂ ಮುಂಬಯಿಯಿಂದ ವಿಡಿಯೋ ಕರೆಯಲ್ಲಿ ನೋಡಿ ‘ಫಿನಿಷಿಂಗ್ ಬಹಳ ಚೆನ್ನಾಗಿದೆ’ ಎಂದು ಪ್ರಶಸ್ತಿಪತ್ರ ನೀಡಿದ್ದೆ! 2022ರ ಮಾರ್ಚ್‌ನಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋದಾಗ ಆ ಮೆಟ್ಟಿಲುಗಳ ಮೇಲ್ಪದರ ಹುರಿದ ಹಪ್ಪಳದಂತೆ ಪದರುಪದರಾಗಿ ಎದ್ದಿತ್ತು. ಕೆಳಗಿನ ಜಲ್ಲಿ ಬಯಲಾಗಿತ್ತು. ಪಕ್ಕದ ಮನೆಯಲ್ಲಿ ಚಾವಣಿಯ ನೆರಳಿನಲ್ಲಿದ್ದ ತೊಂಬತ್ತು ವರ್ಷದ ಮೆಟ್ಟಿಲು ಮಾತ್ರ ಅಂಚು ಸವೆದದ್ದನ್ನು ಬಿಟ್ಟರೆ ಗಟ್ಟಿಯಾಗಿಯೇ ಇತ್ತು. ‘ಅಪ್ಪಾ, ನೀವು ಇಂಜಿನಿಯರು, ಇದೇನೆಂದು ಹೇಳಿ’ ಎಂದಳು ಮಗಳು. ಹೇಳಲು ನನಗೆ ತಿಳಿದಿರಲಿಲ್ಲ. ಸಮೀಪದ ಸಾರ್ವಜನಿಕ ಗ್ರಂಥಾಲಯದಲ್ಲಿ ಹಲವು ದಿನ ಕಳೆದ ಮೇಲೆ ಒಂದೊಂದಾಗಿ ತಿಳಿಯಿತು.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ ಎಂಬುದು ಶಾಲೆಯ ಪಾಠ. ಕಾಂಕ್ರೀಟು ನೋಡಲು ಕಲ್ಲಿನಂತಿದ್ದರೂ ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳ ಜಾಲವಿದೆ. ಮಳೆಯ ನೀರು, ಕರಗಿದ ಹಿಮ ಅದರೊಳಗೆ ಇಳಿಯುತ್ತವೆ. ಆ ರಂಧ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನೀರು ತುಂಬಿದ್ದಾಗ ಚಳಿ ಬಿದ್ದರೆ ಹಿಗ್ಗುವ ಮಂಜುಗಡ್ಡೆಗೆ ಜಾಗವಿರುವುದಿಲ್ಲ. ಆಗ ಒಳಗಿನಿಂದ ಒತ್ತಡ ಹುಟ್ಟುತ್ತದೆ. ಒಂದು ಬಾರಿಗೆ ಏನೂ ಆಗದು. ಆದರೆ ಶಿಕಾಗೋ ಚಳಿಗಾಲದ ಸ್ವಭಾವವೇ ಬೇರೆ. ಹಗಲು ಸೊನ್ನೆಯ ಮೇಲೆ, ರಾತ್ರಿ ಸೊನ್ನೆಯ ಕೆಳಗೆ. ಒಂದೇ ಋತುವಿನಲ್ಲಿ ಹತ್ತಾರು ಬಾರಿ ಹೆಪ್ಪುಗಟ್ಟಿ ಕರಗಿ, ಕರಗಿ ಹೆಪ್ಪುಗಟ್ಟಿ ಕಾಂಕ್ರೀಟು ದಣಿಯುತ್ತದೆ. ನವೆಂಬರಿನಲ್ಲಿ ಹೆಪ್ಪುಗಟ್ಟಿ ಏಪ್ರಿಲಿನಲ್ಲಿ ಕರಗುವ, ಇನ್ನೂ ಕಠೋರವಾದ ಉತ್ತರದ ಊರುಗಳಲ್ಲಿ ಈ ಕಾಟ ಕೆಲವೊಮ್ಮೆ ಕಡಿಮೆಯೇ. ಚಳಿ ಹೆಚ್ಚಿದ್ದಷ್ಟೂ ಹಾನಿ ಹೆಚ್ಚು ಎಂಬ ನಮ್ಮ ಊಹೆ ಇಲ್ಲಿ ತಪ್ಪಾಗುತ್ತದೆ. ನೆರೆಮನೆಯ ಹಳೆಯ ಮೆಟ್ಟಿಲು ಉಳಿದಿರುವುದರ ಗುಟ್ಟೂ ಇದೇ: ಚಾವಣಿಯ ಕೆಳಗಿದ್ದುದರಿಂದ ಅದು ಎಂದೂ ತೊಯ್ದು ತುಂಬಿರಲಿಲ್ಲ. ಒಣಗಿದ ಕಾಂಕ್ರೀಟಿಗೆ ಚಳಿ ಏನೂ ಮಾಡದು.

ಈಗ ಗಾಳಿಯ ವಿಷಯ. 1930ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ರಾಜ್ಯದ ಕೆಲವು ಕಾಂಕ್ರೀಟು ರಸ್ತೆಗಳು ಉಳಿದವುಗಳಿಗಿಂತ ಚಳಿಗಾಲವನ್ನು ಚೆನ್ನಾಗಿ ತಡೆದುಕೊಂಡದ್ದು ಇಂಜಿನಿಯರುಗಳ ಗಮನಕ್ಕೆ ಬಂದಿತು. ಕಾರಣ ಹುಡುಕಿದಾಗ, ಆ ರಸ್ತೆಗಳ ಸಿಮೆಂಟನ್ನು ಅರೆಯುವಾಗ ಯಂತ್ರ ಸಲೀಸಾಗಿ ತಿರುಗಲೆಂದು ದನದ ಕೊಬ್ಬಿನಂತಹ ಪದಾರ್ಥ ಸೇರಿಸಿದ್ದು ತಿಳಿಯಿತು. ಅದು ಸಾಬೂನಿನಂತೆ ನೊರೆಯೆಬ್ಬಿಸಿ ಕಾಂಕ್ರೀಟಿನೊಳಗೆ ಸೂಕ್ಷ್ಮ ಗುಳ್ಳೆಗಳನ್ನು ಉಳಿಸಿತ್ತು. ನಮ್ಮ ಹಿರಿಯರು ಸುಣ್ಣದ ಗಾರೆಗೆ ಬೆಲ್ಲ, ಅಳಲೆಕಾಯಿಯ ರಸ ಬೆರೆಸುತ್ತಿದ್ದುದು ಈ ಸಂದರ್ಭದಲ್ಲಿ ನೆನಪಾಗದೆ ಇರದು. ಮುಂದೆ ಮರದ ರಾಳದಿಂದ ತಯಾರಿಸಿದ ದ್ರಾವಣಗಳು ಬಂದವು. ಶಿಕಾಗೋದಲ್ಲಿದ್ದ ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಷನ್ನಿನ ಟಿ. ಸಿ. ಪವರ್ಸ್ ಅವರು 1940ರ ದಶಕದಲ್ಲಿ ಇದರ ಹಿಂದಿನ ತತ್ತ್ವವನ್ನು ವಿವರಿಸಿದರು. ಹೆಪ್ಪುಗಟ್ಟುವ ನೀರು ತನ್ನ ಮುಂದಿನ ನೀರನ್ನು ತಳ್ಳುತ್ತದೆ. ಹಾಗೆ ತಳ್ಳಲ್ಪಟ್ಟ ನೀರಿಗೆ ಸಮೀಪದಲ್ಲೇ ಖಾಲಿ ಗುಳ್ಳೆಯೊಂದಿದ್ದರೆ ಅದು ಅಲ್ಲಿ ಆಶ್ರಯ ಪಡೆಯುತ್ತದೆ, ಕಾಂಕ್ರೀಟು ಸೀಳುವುದಿಲ್ಲ. ಆ ಆಶ್ರಯ ದೂರವಿರಬಾರದು. ಸರಾಸರಿ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದೊಳಗೆ ಇರಬೇಕು. ಆದುದರಿಂದ ದೊಡ್ಡ ತೂತುಗಳು ಪ್ರಯೋಜನಕ್ಕೆ ಬಾರವು. ಒಂದು ಘನ ಮೀಟರಿನಲ್ಲಿ ಕೋಟ್ಯಂತರ ಪುಟ್ಟ ಗುಳ್ಳೆಗಳು ಬೇಕು. ನಾವು ವೈಬ್ರೇಟರಿನಿಂದ ಹೊರಗಟ್ಟುವ ಗಾಳಿ ಬೇರೆ, ಅವರು ಬೆರೆಸುವ ಗಾಳಿ ಬೇರೆ ಎಂಬುದು ಇಷ್ಟರಿಂದ ಸ್ಪಷ್ಟವಾಗಬಹುದು.

ಮನೆಯ ಹೊರಗಿನ ಕೆಲಸಕ್ಕೆ ಅಲ್ಲಿ ಸಾಮಾನ್ಯವಾಗಿ ಶೇ. 5ರಿಂದ 8ರಷ್ಟು ಗಾಳಿ ಇರುವ ಕಾಂಕ್ರೀಟನ್ನು ಬಳಸುತ್ತಾರೆ. ಪ್ರತಿ ಶೇ. 1ರಷ್ಟು ಗಾಳಿಗೆ ಸುಮಾರು ಶೇ. 5ರಷ್ಟು ಬಲ ಕುಗ್ಗುತ್ತದೆ. ಅದನ್ನು ಸಿಮೆಂಟಿನ ಪ್ರಮಾಣದಲ್ಲಿ ಸರಿದೂಗಿಸಬೇಕು. ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿ ಮಾಡಿಬಿಡುತ್ತೇನೆ. ನಮ್ಮದೇ ಭಾರತೀಯ ಮಾನಕವಾದ ಐ.ಎಸ್. 456ರ 2000ದ ಆವೃತ್ತಿಯಲ್ಲಿ, ಒದ್ದೆ ಸ್ಥಿತಿಯಲ್ಲಿ ಹೆಪ್ಪುಗಟ್ಟುವ ಕಡೆ ಎಂ-50ಕ್ಕಿಂತ ಕೆಳಗಿನ ದರ್ಜೆಯ ಕಾಂಕ್ರೀಟು ಬಳಸುವುದಾದರೆ 20 ಮಿಲಿಮೀಟರ್ ಜಲ್ಲಿಗೆ ಶೇ. 5ರ ಆಸುಪಾಸಿನಲ್ಲಿ ಗಾಳಿ ಇರಬೇಕೆಂದು ಬರೆದಿದೆ. ಆ ಪುಸ್ತಕ ಎರಡು ದಶಕಗಳ ಕಾಲ ನನ್ನ ಮೇಜಿನ ಮೇಲೆಯೇ ಇತ್ತು. ಹಿಮಾಚಲದಲ್ಲೋ ಲಡಾಖಿನಲ್ಲೋ ಕೆಲಸ ಮಾಡಿದ ಸಹೋದ್ಯೋಗಿಗಳು ಆ ಪುಟ ತೆರೆದಿರಬೇಕು. ಮುಂಬಯಿಯಲ್ಲಿ ಕುಳಿತ ನಾನು ತೆರೆದಿರಲಿಲ್ಲ.

ಮಗಳ ಮೆಟ್ಟಿಲಿನ ಕಾಂಕ್ರೀಟಿನಲ್ಲಿ ಗಾಳಿ ಇರಲಿಲ್ಲವೇ? ಇತ್ತೆಂದು ಸರಬರಾಜಿನ ಚೀಟಿ ಹೇಳುತ್ತಿತ್ತು. ಹಾಗಾದರೆ ದೋಷವೆಲ್ಲಿ? ಒಂದು, ನೀರು. ಕಾಂಕ್ರೀಟಿನಲ್ಲಿ ನೀರು ಹೆಚ್ಚಿದಷ್ಟೂ ಬಲ ಕಡಿಮೆ ಎಂಬ ನಿಯಮವನ್ನು ಡಫ್ ಏಬ್ರಮ್ಸ್ ಪ್ರಕಟಿಸಿದ್ದು 1918ರಲ್ಲಿ, ಅದೂ ಶಿಕಾಗೋ ನಗರದ ಲೂಯಿಸ್ ಇನ್‌ಸ್ಟಿಟ್ಯೂಟ್‌ನ ಪ್ರಯೋಗಾಲಯದಿಂದಲೇ. ನೂರು ವರ್ಷ ಕಳೆದರೂ ಅದೇ ಊರಿನಲ್ಲಿ ಲಾರಿಯ ಹಿಂದೆ ಪೈಪು ಹಿಡಿದು ‘ಸ್ವಲ್ಪ ತೆಳ್ಳಗಿದ್ದರೆ ಹರಡಲು ಸುಲಭ’ ಎನ್ನುವವರು ಇದ್ದಾರೆ! ಈ ವಿಷಯದಲ್ಲಿ ಮುಂಬಯಿಗೂ ಶಿಕಾಗೋಗೂ ಭೇದವಿಲ್ಲ. ಹಿಮದ ನಾಡಿನಲ್ಲಿ ನೀರು-ಸಿಮೆಂಟಿನ ಅನುಪಾತ 0.45ನ್ನು ಮೀರಬಾರದು. ಮೀರಿದರೆ ರಂಧ್ರಗಳ ಜಾಲ ಹಿಗ್ಗಿ ಕಾಂಕ್ರೀಟು ಬಟ್ಟೆಯಂತೆ ನೀರು ಹೀರುತ್ತದೆ. ಅಳಿಯ ಆ ದಿನ ಮೊಬೈಲಿನಲ್ಲಿ ಹಿಡಿದಿದ್ದ ಚಿತ್ರಗಳಲ್ಲಿ ಪೈಪು ಸ್ಪಷ್ಟವಾಗಿ ಕಾಣುತ್ತಿತ್ತು.

ಎರಡು, ನಾನು ಹೊಗಳಿದ್ದ ಆ ನಯ. ಕಾಂಕ್ರೀಟು ಸುರಿದ ಮೇಲೆ ಸ್ವಲ್ಪ ನೀರು ತಾನಾಗಿ ಮೇಲಕ್ಕೆ ಬಂದು ನಿಲ್ಲುತ್ತದೆ. ಅದು ಆರುವ ಮುನ್ನವೇ ಕರಣೆ ಎಳೆದರೆ ಆ ನೀರು ಮೇಲ್ಪದರಕ್ಕೆ ಸೇರಿ ಅಲ್ಲೇ ದುರ್ಬಲವಾದ ತೆಳು ಹೊದಿಕೆಯಾಗುತ್ತದೆ. ಉಕ್ಕಿನ ಕರಣೆಯಿಂದ ಮತ್ತೆ ಮತ್ತೆ ತಿಕ್ಕಿದರೆ ಮೇಲ್ಭಾಗದ ಗಾಳಿಯ ಗುಳ್ಳೆಗಳೂ ಒಡೆದು ಹೋಗುತ್ತವೆ. ಅಂದರೆ ಎಲ್ಲಿ ರಕ್ಷಣೆ ಅತ್ಯಗತ್ಯವೋ ಅಲ್ಲಿಯೇ ರಕ್ಷಣೆ ಇಲ್ಲವಾಗುತ್ತದೆ. ಬಲ್ಲವರು ಹೊರಾಂಗಣದ ಕಾಂಕ್ರೀಟಿಗೆ ಮರದ ಅಥವಾ ಮೆಗ್ನೀಷಿಯಮ್ಮಿನ ಹಲಗೆ ಎಳೆದು, ಮೇಲೆ ಪೊರಕೆಯಿಂದ ಗೀರು ಹಾಕಿ ಬಿಟ್ಟುಬಿಡುತ್ತಾರೆ. ನೋಡಲು ಒರಟು, ಕಾಲು ಜಾರುವುದಿಲ್ಲ, ಪದರವೂ ಏಳುವುದಿಲ್ಲ.

ಮೂರನೆಯದು ಉಪ್ಪು. ಈ ಭಾಗವನ್ನು ಬರೆಯುವುದು ನನಗೆ ಸ್ವಲ್ಪ ಕಷ್ಟ. ಹಿಂದಿನ ಭೇಟಿಯೊಂದರಲ್ಲಿ ನನ್ನ ಪತ್ನಿ ಹಳೆಯ ಮೆಟ್ಟಿಲಿನ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಅಮ್ಮ ಮತ್ತೆ ಬರುವಳೆಂದು ಮಗಳೂ ಅಳಿಯನೂ ಆ ಚಳಿಗಾಲದುದ್ದಕ್ಕೂ ಹೊಸ ಮೆಟ್ಟಿಲಿಗೆ ಧಾರಾಳವಾಗಿ ಉಪ್ಪು ಸುರಿದು ಬಂದಿದ್ದರು. ಉಪ್ಪು ನೀರಿನ ಹೆಪ್ಪುಗಟ್ಟುವ ಉಷ್ಣತೆಯನ್ನು ತಗ್ಗಿಸುತ್ತದೆ, ಹಿಮ ಕರಗುತ್ತದೆ, ನಿಜ. ಆದರೆ ಕರಗಿದ ಉಪ್ಪುನೀರು ಕಾಂಕ್ರೀಟಿನೊಳಗೆ ಇಳಿದು ರಂಧ್ರಗಳನ್ನು ಮೊದಲಿಗಿಂತ ಹೆಚ್ಚು ತುಂಬಿಸುತ್ತದೆ. ಹೆಪ್ಪುಗಟ್ಟಿ ಕರಗುವ ಸರದಿಗಳನ್ನೂ ಹೆಚ್ಚಿಸುತ್ತದೆ. ವಿಚಿತ್ರವೆಂದರೆ ಮೇಲ್ಪದರ ಏಳುವ ಹಾನಿ ಅತಿ ಹೆಚ್ಚಾಗುವುದು ಗಾಢವಾದ ಉಪ್ಪುನೀರಿನಿಂದಲ್ಲ, ಶೇ. 3ರಿಂದ 4ರಷ್ಟು ಉಪ್ಪಿರುವ ತೆಳು ನೀರಿನಿಂದ. ಸಮುದ್ರದ ನೀರಿನಲ್ಲಿರುವ ಉಪ್ಪೂ ಸುಮಾರು ಅಷ್ಟೇ ಎಂಬುದನ್ನು ಮುಂಬಯಿಯವರು ಗಮನಿಸಬಹುದು. ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲದಲ್ಲಿ ಉಪ್ಪನ್ನು ಸೋಕಿಸಲೇಬಾರದು, ಮರಳನ್ನು ಎರಚಬೇಕು ಎಂಬುದು ಅಲ್ಲಿನ ಅನುಭವಸ್ಥರ ಏಕಾಭಿಪ್ರಾಯ. ಗೊಬ್ಬರದ ರೂಪದಲ್ಲಿ ಸಿಗುವ ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್‌ಗಳನ್ನು ಹಿಮ ಕರಗಿಸಲು ಬಳಸುವವರುಂಟು. ಅವು ಕಾಂಕ್ರೀಟನ್ನೇ ರಾಸಾಯನಿಕವಾಗಿ ತಿನ್ನುತ್ತವೆ. ಸಂಗತಿ ತಿಳಿದಾಗ ಪತ್ನಿ ‘ನನ್ನಿಂದಾಗಿ ಇವರಿಗೆ ಇಷ್ಟು ಖರ್ಚು’ ಎಂದು ನೊಂದುಕೊಂಡಳು. ನೀರು ಮತ್ತು ಕರಣೆಯ ತಪ್ಪು ಇಲ್ಲದಿದ್ದರೆ ಉಪ್ಪೊಂದೇ ಇಷ್ಟು ಹಾನಿ ಮಾಡುತ್ತಿರಲಿಲ್ಲವೆಂದು ಲೆಕ್ಕ ಹಾಕಿ ತೋರಿಸಿದರೂ ಅವಳಿಗೆ ಪೂರ್ಣ ಸಮಾಧಾನವಾಗಲಿಲ್ಲ.

ಇಷ್ಟು ಮೇಲ್ಮೈಯ ಕಥೆಯಾಯಿತು. ಹಳೆಯ ಮೆಟ್ಟಿಲು ಮೊದಲು ವಾಲಿದ್ದೇಕೆ ಎಂಬುದು ನೆಲದೊಳಗಿನ ಕಥೆ. ಶಿಕಾಗೋದಲ್ಲಿ ಯಾವುದೇ ತಳಪಾಯ ನೆಲಮಟ್ಟದಿಂದ 42 ಅಂಗುಲ, ಅಂದರೆ ಮೂರೂವರೆ ಅಡಿ ಆಳಕ್ಕೆ ಇಳಿಯಬೇಕೆಂಬುದು ಕಟ್ಟಡ ನಿಯಮ. ಅಷ್ಟು ಆಳದವರೆಗೆ ಮಣ್ಣು ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ ಮಣ್ಣು ಮೇಲಕ್ಕೆ ಉಬ್ಬುವುದು ನೀರಿನ ಆ ಶೇ. 9ರ ಹಿಗ್ಗುವಿಕೆಯಿಂದ ಮಾತ್ರವಲ್ಲ. ಸ್ಟೀಫನ್ ಟೇಬರ್ ಎಂಬ ಭೂವಿಜ್ಞಾನಿ 1930ರ ಸುಮಾರಿಗೆ ಒಂದು ಸೊಗಸಾದ ಪ್ರಯೋಗ ಮಾಡಿದರು. ನೀರಿನ ಬದಲು ಬೆನ್ಜೀನ್ ತುಂಬಿದ ಮಣ್ಣನ್ನು ಹೆಪ್ಪುಗಟ್ಟಿಸಿದರು. ಬೆನ್ಜೀನ್ ಹೆಪ್ಪುಗಟ್ಟಿದಾಗ ಕುಗ್ಗುವ ದ್ರವ. ಆದರೂ ಮಣ್ಣು ಉಬ್ಬಿತು! ಹೆಪ್ಪುಗಟ್ಟುವ ಪದರವು ಕೆಳಗಿನ ತೇವವನ್ನು ದೀಪದ ಬತ್ತಿಯಂತೆ ಮೇಲಕ್ಕೆ ಸೆಳೆದು, ಮಣ್ಣಿನೊಳಗೆ ಅಡ್ಡಡ್ಡಲಾಗಿ ಮಂಜುಗಡ್ಡೆಯ ಹಾಳೆಗಳನ್ನು ಬೆಳೆಸುತ್ತದೆ ಎಂದು ಅದರಿಂದ ಸಿದ್ಧವಾಯಿತು. ಹಾಗಾಗಿ ಮಣ್ಣು ಕೆಲವೊಮ್ಮೆ ಅಂಗುಲಗಟ್ಟಲೆ ಏಳುತ್ತದೆ. ನುಣುಪಾದ ಹೂಳುಮಣ್ಣಿನಲ್ಲಿ ಇದು ಹೆಚ್ಚು, ದಪ್ಪ ಮರಳು ಮತ್ತು ಜಲ್ಲಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಮನೆಯ ತಳಪಾಯ ಆಳದಲ್ಲಿ ಸ್ಥಿರವಾಗಿರುತ್ತದೆ. ಅದರ ಮುಂದೆ ಬರಿಯ ಮಣ್ಣಿನ ಮೇಲೆ ಕೂರಿಸಿದ ಮೆಟ್ಟಿಲು ಪ್ರತಿ ಚಳಿಗಾಲ ಏಳುತ್ತದೆ, ವಸಂತದಲ್ಲಿ ಇಳಿಯುತ್ತದೆ, ಇಳಿದಾಗ ಮೊದಲಿನ ಸ್ಥಾನಕ್ಕೆ ಸರಿಯಾಗಿ ಬರುವುದಿಲ್ಲ. ಜೊತೆಗೆ, ನೆಲಮಾಳಿಗೆ ಅಗೆದಾಗ ಸುತ್ತ ತುಂಬಿದ ಸಡಿಲ ಮಣ್ಣು ದಶಕಗಳ ಕಾಲ ಕುಸಿಯುತ್ತ ಹೋಗುತ್ತದೆ. ಮೆಟ್ಟಿಲು ಮನೆಯ ಕಡೆಗೆ ವಾಲಿದರೆ ಮಳೆಯ ನೀರು ನೇರವಾಗಿ ನೆಲಮಾಳಿಗೆಯ ಗೋಡೆಗೆ ಹರಿಯುತ್ತದೆ. ಹಳೆಯ ಮನೆಗಳ ನೆಲಮಾಳಿಗೆ ಸೋರುವಾಗ ದೊಡ್ಡ ಮೊತ್ತದ ಜಲನಿರೋಧಕ ಚಿಕಿತ್ಸೆಗೆ ಕೈಹಾಕುವ ಮೊದಲು ಹೊರಗೆ ಹೋಗಿ, ಚಾವಣಿಯ ಕೊಳವೆಯ ನೀರು ಎಲ್ಲಿ ಬೀಳುತ್ತದೆ, ಕಾಲುದಾರಿ ಯಾವ ಕಡೆಗೆ ಇಳಿಜಾರಾಗಿದೆ ಎಂದು ನೋಡುವುದು ಒಳಿತು. ಅಡಿಗೆ ಕಾಲು ಅಂಗುಲದಷ್ಟು ಇಳಿಜಾರು ಮನೆಯಿಂದ ಹೊರಕ್ಕಿದ್ದರೆ ಸಾಕು. ಕುಸಿದರೂ ಒಡೆಯದೆ ಉಳಿದಿರುವ ಹಲಗೆಗಳನ್ನು ಒಡೆಯಬೇಕಾಗಿಯೂ ಇಲ್ಲ. ಸಣ್ಣ ರಂಧ್ರ ಕೊರೆದು ಕೆಳಗೆ ಸಿಮೆಂಟಿನ ರಾಡಿಯನ್ನೋ ಪಾಲಿಯುರೆಥೇನ್ ನೊರೆಯನ್ನೋ ತುಂಬಿ ಮೇಲೆತ್ತುವ ವಿಧಾನವಿದೆ.

ಇನ್ನು ಸುಣ್ಣದ ಗಾರೆಯ ಮನೆಗಳು. ಸದುದ್ದೇಶದಿಂದಲೇ ಅತಿ ಹೆಚ್ಚು ಹಾನಿಯಾಗಿರುವುದು ಇವುಗಳಿಗೆ ಎಂಬುದು ನನ್ನ ಅಭಿಪ್ರಾಯ. ಹಳೆಯ ಇಟ್ಟಿಗೆ ಮೆತ್ತಗಿನದು. ಅದರ ಬೆಸುಗೆ ಅದಕ್ಕಿಂತ ಮೆತ್ತಗಿನದು. ಗೋಡೆಯೊಳಗಿನ ತೇವ ಆ ಬೆಸುಗೆಯ ಮೂಲಕ ಹೊರಬರುತ್ತದೆ, ಸವೆಯುವುದೂ ಬೆಸುಗೆಯೇ. ಅರ್ಧ ಶತಮಾನಕ್ಕೊಮ್ಮೆ ಕೆರೆದು ಮತ್ತೆ ತುಂಬಿದರಾಯಿತು. ‘ಗಟ್ಟಿಯಾಗಲಿ’ ಎಂದು ಅಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಗಾರೆ ತುಂಬಿದರೆ ತೇವಕ್ಕೆ ದಾರಿ ಮುಚ್ಚಿ ಅದು ಇಟ್ಟಿಗೆಯ ಮೂಲಕವೇ ಹೊರಬರಬೇಕಾಗುತ್ತದೆ. ಚಳಿ ಬಿದ್ದಾಗ ಇಟ್ಟಿಗೆಯ ಮುಖವೇ ಸಿಡಿದು ಬೀಳುತ್ತದೆ. ಬೆಸುಗೆ ಮಾತ್ರ ಎಲುಬುಗಳಂತೆ ಮುಂದೆ ಚಾಚಿಕೊಂಡಿರುವ ಗೋಡೆಗಳನ್ನು ನಾನು ಬೀದಿಬೀದಿಗಳಲ್ಲಿ ಕಂಡೆ. ನಮ್ಮ ಊರಿನ ಹಳೆಯ ಗಾರೆಯ ಮನೆಗಳಿಗೆ ಸಿಮೆಂಟು ಬಳಿದು ಗೋಡೆ ಉಬ್ಬಿಸಿಕೊಂಡವರಿಗೆ ಈ ನೋಟ ಅಪರಿಚಿತವೆನಿಸದು.

ಓಕ್ ಪಾರ್ಕ್ ಎಂಬ ಉಪನಗರದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಅವರು ಕಟ್ಟಿದ ಯೂನಿಟಿ ಟೆಂಪಲ್ ಇದೆ. 1908ರಲ್ಲಿ ಪೂರ್ಣಗೊಂಡ ಈ ಪ್ರಾರ್ಥನಾ ಮಂದಿರದ ಗೋಡೆಗಳು ಬಣ್ಣ ಬಳಿಯದ, ಜಲ್ಲಿ ಕಾಣುವ ಕಾಂಕ್ರೀಟಿನವು. ಗಾಳಿ ಬೆರೆಸುವ ವಿದ್ಯೆ ತಿಳಿಯುವುದಕ್ಕೆ ಎರಡು ದಶಕಗಳಿಗೂ ಹೆಚ್ಚು ಮೊದಲಿನ ಕೆಲಸವಾದುದರಿಂದ ಚಳಿಗಾಲಗಳು ಅದರ ಹೊರಮೈಯನ್ನು ತಿಂದುಹಾಕಿದವು. 1970ರ ದಶಕದಲ್ಲಿ ಹೊರಮೈಗೆ ಕಾಂಕ್ರೀಟನ್ನು ಸಿಂಪಡಿಸಿ ಹೊಸ ಪದರ ಹಾಕಬೇಕಾಯಿತು. 2017ರಲ್ಲಿ ಮತ್ತೊಂದು ದೊಡ್ಡ ಜೀರ್ಣೋದ್ಧಾರ ಮುಗಿಯಿತು. 2019ರಲ್ಲಿ ರೈಟ್ ಅವರ ಇತರ ಏಳು ಕಟ್ಟಡಗಳೊಡನೆ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಶಿಕಾಗೋಗೆ ಹೋಗುವವರು ಅವಶ್ಯವಾಗಿ ನೋಡಬೇಕಾದ ಕಟ್ಟಡ. ಮಹಾನ್ ವಾಸ್ತುಶಿಲ್ಪಿಯ ಕಾಂಕ್ರೀಟೂ ಅದೇ ಕಾಟಕ್ಕೆ ಒಳಗಾಯಿತೆಂದು ತೋರಿಸಲು ಮಗಳನ್ನು ಅಲ್ಲಿಗೆ ಕರೆದೊಯ್ದೆ. ಅವಳಿಗೆ ಸ್ವಲ್ಪ ನಗು ಬಂದಿತು.

ಕೆಲಸದ ಕಾಲವನ್ನು ಕುರಿತು ಒಂದು ಮಾತು. ವಾಯುವಿನ ಉಷ್ಣತೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ, ಅಥವಾ ಇಳಿಯುವ ನಿರೀಕ್ಷೆಯಿದ್ದರೆ, ಅದನ್ನು ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಚಳಿಹವೆಯ ಕೆಲಸವೆಂದು ಪರಿಗಣಿಸುತ್ತದೆ. ಹೆಪ್ಪುಗಟ್ಟಿದ ನೆಲದ ಮೇಲೆ ಸುರಿಯುವಂತಿಲ್ಲ. ಕಾಂಕ್ರೀಟು ಸುಮಾರು 3.5 ಮೆಗಾಪಾಸ್ಕಲ್ ಬಲ ಗಳಿಸುವವರೆಗೆ, ಅಂದರೆ ಮೊದಲ ಒಂದೆರಡು ದಿನ, ಅದು ಹೆಪ್ಪುಗಟ್ಟದಂತೆ ಕಂಬಳಿ ಹೊದಿಸಿ ಕಾಯಬೇಕು. ಹಸಿಯಾಗಿರುವಾಗಲೇ ಹೆಪ್ಪುಗಟ್ಟಿದರೆ ಕೊನೆಯ ಬಲದಲ್ಲಿ ಅರ್ಧದಷ್ಟು ಕಳೆದುಹೋಗಬಹುದು. ಅಕ್ಟೋಬರ್ ಕೊನೆಯ ಕೆಲಸ ಇಷ್ಟೆಲ್ಲ ಜಾಗರೂಕತೆಯಿಂದ ಮಾಡಿದರೂ ಅದಕ್ಕೆ ಮೊದಲ ಹಿಮದ ಮುನ್ನ ಒಣಗಲು ಸಮಯ ಸಾಲದು. ವಸಂತದಲ್ಲಿ ಸುರಿದದ್ದಕ್ಕೆ ಇಡೀ ಬೇಸಿಗೆ ದೊರೆಯುತ್ತದೆ.

ಮೊದಲ ಗುತ್ತಿಗೆದಾರ ಫೋನು ಎತ್ತಲಿಲ್ಲ. 2022ರ ಮೇ ತಿಂಗಳಲ್ಲಿ ಬೇರೊಬ್ಬರಿಂದ ಕೆಲಸ ಮಾಡಿಸಿದೆವು. ಮೆಟ್ಟಿಲ ಕೆಳಗೆ 42 ಅಂಗುಲ ಆಳದ ಕಂಬಗಳು, ಕಾಲುದಾರಿಯ ಕೆಳಗೆ ಗುದ್ದಿ ಕೂರಿಸಿದ ಜಲ್ಲಿ, ನಾಲ್ಕು ಅಂಗುಲ ದಪ್ಪದ ಹಲಗೆ, ಅದರ ದಪ್ಪದ ಕಾಲುಭಾಗದಷ್ಟು ಆಳಕ್ಕೆ ಕೊಯ್ದ ಸಂದುಗಳು, ಮನೆಯ ಗೋಡೆಗೂ ಮೆಟ್ಟಿಲಿಗೂ ನಡುವೆ ಮೆತ್ತನೆಯ ಪಟ್ಟಿ. ಲಾರಿ ಬಂದಾಗ ಕೆಲಸಗಾರರ ಮುಖ್ಯಸ್ಥ ಒಂದು ಪಾತ್ರೆಗೆ ಕಾಂಕ್ರೀಟು ತುಂಬಿ, ಮುಚ್ಚಳ ಬಿಗಿದು, ಒತ್ತಡದ ಮುಳ್ಳು ನೋಡಿ ‘ಆರೂವರೆ’ ಎಂದು ಹೇಳಿದ. ಗಾಳಿ ಅಳೆಯುವ ಆ ಯಂತ್ರವನ್ನು ನಾನು ಜೀವನದಲ್ಲಿ ಮೊದಲ ಬಾರಿ ನೋಡಿದ್ದು ಅಂದು. ಪೈಪು ಲಾರಿಯ ಬಳಿಗೆ ಹೋಗದಂತೆ ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಆತನೂ ನನ್ನನ್ನು ನೋಡಿ ನಕ್ಕ. ಏಳು ದಿನ ಒದ್ದೆ ಗೋಣಿ ಹೊದಿಸಿ ನೀರುಣಿಸುವ ಕೆಲಸ ಮಾತ್ರ ಮುಂಬಯಿಯ ಪದ್ಧತಿಯಂತೆ ನನ್ನದೇ ಆಯಿತು.

2024ರ ಡಿಸೆಂಬರಿನಲ್ಲಿ ನಾವು ಮತ್ತೆ ಹೋದೆವು. ಅಷ್ಟರಲ್ಲಿ ಎರಡು ಚಳಿಗಾಲಗಳು ಕಳೆದಿದ್ದವು. ಪೊರಕೆಯ ಗೀರುಗಳು ಹಾಗೆಯೇ ಇದ್ದವು. ಬಾಗಿಲ ಬಳಿ ಉಪ್ಪಿನ ಚೀಲದ ಜಾಗದಲ್ಲಿ ಒಂದು ಬಕೆಟ್ ಮರಳಿತ್ತು, ಮೆಟ್ಟಿಲ ಎರಡೂ ಬದಿಗೆ ಕಬ್ಬಿಣದ ಕೈಪಿಡಿ ಬಂದಿತ್ತು. ಹಿಮ ಬಿದ್ದ ಮೊದಲ ಬೆಳಿಗ್ಗೆ ಪತ್ನಿಯೇ ಎಲ್ಲರಿಗಿಂತ ಮೊದಲೆದ್ದು, ಒಂದು ಕೈಯಲ್ಲಿ ಕೈಪಿಡಿ ಹಿಡಿದು, ಇನ್ನೊಂದರಿಂದ ರಂಗೋಲಿ ಹಾಕುವವಳಂತೆ ಮರಳು ಎರಚುತ್ತ ಕೆಳಗಿಳಿದಳು.